ನರ್ಸ್ ರಿಜಿಸ್ಟ್ರೇಷನ್ ರಾಜ್ಯದ ಗಡಿಗೆ ಬಂದು ನಿಲ್ಲಬಾರದು

ಮಾನ್ಯ ಸಂಪಾದಕರೇ,

ನಾನು ಬೆಳಗಾವಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ವಾರ್ಡ್ ಇನ್‌ಚಾರ್ಜ್ ಸಿಸ್ಟರ್. ನಮ್ಮ ಊರಿನ ಗಡಿ ವಿಚಾರ ಪತ್ರಿಕೆಯಲ್ಲಿ ಬಂದಾಗೆಲ್ಲ ಬೋರ್ಡು, ಬಸ್ಸು, ಭಾಷೆ ಇಷ್ಟೇ ಇರುತ್ತದೆ. ಇನ್ನೊಂದು ಗಡಿ ಸಮಸ್ಯೆ ಇದೆ. ಕರ್ನಾಟಕದಲ್ಲಿ ಓದಿ, ಇಲ್ಲಿನ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ಬರೆಸಿಕೊಂಡ ನರ್ಸ್ ಒಬ್ಬಳು ಮಹಾರಾಷ್ಟ್ರಕ್ಕೋ ಗೋವಾಕ್ಕೋ ಹೋದರೆ ಅಲ್ಲಿ ಮತ್ತೆ ಹೊಸದಾಗಿ ರಿಜಿಸ್ಟ್ರೇಷನ್ ಮಾಡಿಸಬೇಕು. ಆ ಕಡೆಯಿಂದ ಇಲ್ಲಿಗೆ ಬಂದವರಿಗೂ ಅದೇ ಗತಿ. ಆ ಕಾಗದ ಕೈಗೆ ಬರುವ ತನಕ, ಆಕೆ ಎಷ್ಟೇ ವರ್ಷ ಐಸಿಯುನಲ್ಲಿ ದುಡಿದಿರಲಿ, ಲೆಕ್ಕಕ್ಕೆ ನರ್ಸೇ ಅಲ್ಲ.

ಪೇಶೆಂಟ್‌ಗಳಿಗೆ ಈ ಗಡಿ ಇಲ್ಲ ನೋಡಿ. ಕಾಗವಾಡ, ಅಥಣಿ ಕಡೆಯವರಿಗೆ ಮಿರಜ್ ಹತ್ತಿರ, ಅಲ್ಲಿಗೇ ಹೋಗುತ್ತಾರೆ. ಚಂದಗಡ, ಸಾವಂತವಾಡಿ ಕಡೆಯವರು ನಮ್ಮ ಬೆಳಗಾವಿಗೆ ಬರುತ್ತಾರೆ. ಕಾರವಾರದಲ್ಲಿ ದೊಡ್ಡ ಅಪಘಾತವಾದರೆ ಆಂಬುಲೆನ್ಸ್ ಗೋವಾದ ಬಾಂಬೋಳಿಗೆ ಓಡುತ್ತದೆ. ಕಾಸರಗೋಡಿನವರಿಗೆ ಮಂಗಳೂರು, ಬೀದರಿನವರಿಗೆ ಹೈದರಾಬಾದು. ಯಾರೂ ಅವರನ್ನು ತಡೆಯುವುದಿಲ್ಲ, ತಡೆಯಲೂಬಾರದು. ಆದರೆ ಅವರನ್ನು ನೋಡಿಕೊಳ್ಳಬೇಕಾದ ನರ್ಸ್ ಮಾತ್ರ ಅದೇ ರಸ್ತೆಯಲ್ಲಿ ಹೋದರೆ ಕೈ ಕಟ್ಟಿ ಕೂರಬೇಕು.

ಈ ಕೆಲಸದಲ್ಲಿ ಇರುವವರು ಹೆಚ್ಚಿನವರು ಹೆಣ್ಣುಮಕ್ಕಳು. ನಮ್ಮ ಕಡೆ ಹೆಣ್ಣು ಕೊಟ್ಟು ತರುವುದು ರಾಜ್ಯ ನೋಡಿ ನಡೆಯುವುದಿಲ್ಲ. ನಿಪ್ಪಾಣಿ, ಚಿಕ್ಕೋಡಿಯ ಎಷ್ಟೋ ಮನೆಗಳಿಗೆ ಕೊಲ್ಹಾಪುರ, ಸಾಂಗ್ಲಿಯಲ್ಲಿ ಬೀಗರಿದ್ದಾರೆ. ಮದುವೆಯಾಯಿತು ಎಂದರೆ ಹುಡುಗಿ ಗಡಿ ದಾಟಿದಳು ಎಂದೇ ಅರ್ಥ. ಗಂಡನಿಗೆ ಪುಣೆಗೆ ಟ್ರಾನ್ಸ್‌ಫರ್ ಆಯಿತು, ಅತ್ತೆಗೆ ಹುಷಾರಿಲ್ಲ ಊರಿಗೆ ಬಾ ಅಂದರು, ಹೀಗೆ ನರ್ಸ್‌ಗಳು ರಾಜ್ಯ ಬದಲಿಸುವುದು ಬಹುಪಾಲು ತಮ್ಮ ಇಷ್ಟದಿಂದಲ್ಲ. ಅದಕ್ಕೇ ಇದು ಬರೀ ಕಚೇರಿ ಕಾಗದದ ವಿಷಯ ಅಂತ ನನಗೆ ಅನ್ನಿಸುವುದಿಲ್ಲ.

ನಮ್ಮ ವಾರ್ಡಿನಲ್ಲೇ ಇದ್ದ ಒಬ್ಬಳ ಕಥೆ ಹೇಳುತ್ತೇನೆ. ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಮುಗಿಸಿ ನಮ್ಮಲ್ಲೇ ಸೇರಿದವಳು. ಐಸಿಯುನಲ್ಲಿ ಬಲು ಚುರುಕು. ಬಿಪಿ ಬಿದ್ದ ಪೇಶೆಂಟಿಗೆ ಅದನ್ನು ಏರಿಸುವ ನಾರ್‌ಅಡ್ರೆನಲಿನ್ ಔಷಧದ ಪಂಪ್ ಓಡುತ್ತಿದ್ದರೆ ಸಿರಿಂಜ್ ಖಾಲಿಯಾಗುವ ಮೊದಲೇ ಇನ್ನೊಂದನ್ನು ತುಂಬಿಸಿ, ಲೇಬಲ್ ಹಚ್ಚಿ, ಪಕ್ಕದ ಸಿಸ್ಟರ್‌ಗೆ ತೋರಿಸಿ ಚೆಕ್ ಮಾಡಿಸಿ ಇಟ್ಟಿರುತ್ತಿದ್ದಳು. ಸಿರಿಂಜ್ ಬದಲಿಸುವ ಆ ಅರೆನಿಮಿಷದಲ್ಲಿ ಬಿಪಿ ಮತ್ತೆ ಕುಸಿಯಬಹುದು, ಅದು ಅವಳಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು. ಡಾಕ್ಟರು ಕೇಳುವ ಮುಂಚೆ ಯೂರಿನ್ ಔಟ್‌ಪುಟ್ ಹೇಳುತ್ತಿದ್ದಳು. ಮದುವೆಯಾಗಿ ಬೇರೆ ರಾಜ್ಯಕ್ಕೆ ಹೋದಳು. ಅಲ್ಲಿ ಒಂದು ಆಸ್ಪತ್ರೆಯವರು ಇಂಟರ್‌ವ್ಯೂನಲ್ಲಿ ಖುಷಿಪಟ್ಟು ತೆಗೆದುಕೊಂಡರು, ಆದರೆ ಆ ರಾಜ್ಯದ ರಿಜಿಸ್ಟ್ರೇಷನ್ ಇಲ್ಲವಲ್ಲ ಅಂತ ಸ್ಟಾಫ್ ನರ್ಸ್ ಬದಲು ಅಸಿಸ್ಟೆಂಟ್ ಅಂತ ಹೆಸರು ಬರೆದುಕೊಂಡರು. ಸಂಬಳ ಇಲ್ಲಿ ಬರುತ್ತಿದ್ದುದರ ಅರ್ಧ. ಆದರೆ ಕೆಲಸ? ಅದೇ ಐಸಿಯು, ಅದೇ ಪಂಪ್, ಅದೇ ನೈಟ್ ಡ್ಯೂಟಿ. ಕೇಸ್ ಶೀಟಿನಲ್ಲಿ ಸಹಿ ಮಾತ್ರ ಇನ್ನೊಬ್ಬರದು. ಫೋನ್ ಮಾಡಿದಾಗ ಅವಳು ಕೇಳಿದ್ದು ಸಂಬಳದ ಮಾತಲ್ಲ. “ಅಕ್ಕಾ, ಏನಾದರೂ ಹೆಚ್ಚುಕಮ್ಮಿ ಆದರೆ ನನ್ನ ಗತಿ ಏನು?” ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಏನಾದರೂ ಆದರೆ ಅವಳೂ ಸಿಕ್ಕಿಬೀಳುತ್ತಾಳೆ, ತಾನು ಮಾಡದ ಕೆಲಸಕ್ಕೆ ಸಹಿ ಹಾಕಿದ ಆ ಇನ್ನೊಬ್ಬಳೂ ಸಿಕ್ಕಿಬೀಳುತ್ತಾಳೆ.

ಅಷ್ಟಕ್ಕೂ ಏನೇನು ಕಾಗದ ಬೇಕು ಗೊತ್ತಾ? ಮೊದಲು ಹಳೆಯ ಕೌನ್ಸಿಲ್‌ನಿಂದ ಎನ್‌ಒಸಿ, ಅಂದರೆ ನಮ್ಮ ಆಕ್ಷೇಪಣೆ ಇಲ್ಲ ಅನ್ನುವ ಪತ್ರ. ಇವಳು ನಮ್ಮ ರಿಜಿಸ್ಟರ್‌ನಲ್ಲಿ ಇರುವುದು ನಿಜ, ಇವಳ ಮೇಲೆ ದೂರು ಇಲ್ಲ ಅಂತ ಒಂದು ವೆರಿಫಿಕೇಷನ್ ಪತ್ರ, ಅದೂ ಕೌನ್ಸಿಲ್‌ನಿಂದ ಕೌನ್ಸಿಲ್‌ಗೆ ನೇರ ಹೋಗಬೇಕು. ಮಾರ್ಕ್ಸ್ ಕಾರ್ಡು, ಡಿಪ್ಲೊಮಾ, ಒರಿಜಿನಲ್ ರಿಜಿಸ್ಟ್ರೇಷನ್, ವಿಳಾಸದ ದಾಖಲೆ, ಎರಡೂ ಕಡೆ ಫೀಸು. ಇದೆಲ್ಲ ಇದ್ದರೂ ಹೆಸರಿನ ಹತ್ತಿರ ಬಂದು ಫೈಲ್ ನಿಲ್ಲುತ್ತದೆ. ನಮ್ಮಲ್ಲಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಜೊತೆ ಒಂದು ಇನಿಷಿಯಲ್ ಇರುತ್ತದೆ, ಅಷ್ಟೇ. ಮದುವೆಯಾಗಿ ಆ ಕಡೆ ಹೋದ ಮೇಲೆ ಆಧಾರ್‌ನಲ್ಲಿ ಹೆಸರು, ನಡುವೆ ಗಂಡನ ಹೆಸರು, ಕೊನೆಗೆ ಗಂಡನ ಮನೆಯ ಅಡ್ಡಹೆಸರು. ಕಂಪ್ಯೂಟರ್ ಮುಂದೆ ಕೂತವರಿಗೆ ಇವರಿಬ್ಬರೂ ಬೇರೆ ಬೇರೆ ಹೆಂಗಸರು. ಆಮೇಲೆ ಶುರುವಾಗುತ್ತದೆ ಬಾಂಡ್ ಪೇಪರು, ನೋಟರಿ, ಅಫಿಡವಿಟ್, ಮದುವೆ ಸರ್ಟಿಫಿಕೇಟು. ಬಸುರಿಯಾಗಿ ಆರೇಳು ತಿಂಗಳಾದವಳು ಫೈಲ್ ಹಿಡಿದು ರಾಜಧಾನಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಬಂದಿದ್ದನ್ನು ಕೇಳಿದ್ದೇನೆ. ಇದು ಯಾವ ರಾಜ್ಯದ ಕಚೇರಿ ಅಂತ ಬರೆದು ಒಬ್ಬರ ಮೇಲೆ ತಪ್ಪು ಹೊರಿಸಲು ನನಗೆ ಇಷ್ಟವಿಲ್ಲ. ಪದ್ಧತಿಯೇ ಹಾಗಿದೆ.

ಈಗ ಬೇರೆ ವೃತ್ತಿಗಳನ್ನು ನೋಡಿ. ಡ್ರೈವಿಂಗ್ ಲೈಸೆನ್ಸ್ ಬೆಳಗಾವಿ ಆರ್‌ಟಿಒ ಕೊಟ್ಟಿದ್ದು ದೇಶಕ್ಕೆಲ್ಲ ನಡೆಯುತ್ತದೆ, 1988ರ ಮೋಟಾರು ವಾಹನ ಕಾಯ್ದೆಯೇ ಹಾಗೆ ಹೇಳುತ್ತದೆ. ವಕೀಲರದ್ದು ಇನ್ನೂ ಚೆನ್ನಾಗಿದೆ. 1961ರ ವಕೀಲರ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಯಾವ ರಾಜ್ಯದ ಬಾರ್ ಕೌನ್ಸಿಲ್‌ನಲ್ಲಿ ಹೆಸರಿದ್ದರೂ ದೇಶದ ಯಾವ ಕೋರ್ಟಿನಲ್ಲಾದರೂ ವಾದ ಮಾಡಬಹುದು. ಆ ಸೆಕ್ಷನ್ ಬಹಳ ವರ್ಷ ಸುಮ್ನೆ ಪುಸ್ತಕದಲ್ಲೇ ಬಿದ್ದಿತ್ತು, ಕೊನೆಗೆ 2011ರ ಜೂನ್ 15ರಿಂದ ಜಾರಿಗೆ ಬಂತು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಖಾಯಂ ಹೆಸರು ವರ್ಗಾಯಿಸಿಕೊಳ್ಳಬೇಕೆಂದರೂ ಅದೇ ಕಾಯ್ದೆಯ 18ನೇ ಸೆಕ್ಷನ್ ಇದೆ, ಫೀಸು ಕೂಡ ಇಲ್ಲದೆ ಆಗಬೇಕು ಎನ್ನುತ್ತದೆ. ಡಾಕ್ಟರುಗಳಿಗೆ 2024ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ರಿಜಿಸ್ಟರ್ ಪೋರ್ಟಲ್ ಶುರುವಾಯಿತು. ನರ್ಸ್, ಫಾರ್ಮಸಿಸ್ಟ್, ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್, ಇವರು ಮಾತ್ರ ಇನ್ನೂ ರಾಜ್ಯ ರಾಜ್ಯಕ್ಕೂ ಹೊಸ ಕಾಗದ ಹುಡುಕುತ್ತಿರಬೇಕು. ದೊಡ್ಡ ವೃತ್ತಿಯವರಿಗೆ ಕೇಳುವ ಬಾಯಿ ಇದೆ, ನಮಗೆ ಇಲ್ಲ, ಇದು ನನ್ನ ಅನಿಸಿಕೆ.

ಕಾನೂನು ನಮ್ಮ ವಿರುದ್ಧ ಇದೆಯಾ ಅಂದರೆ ಅದೂ ಇಲ್ಲ. 1947ರ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಓದಿ. ಮಾನ್ಯತೆ ಪಡೆದ ಅರ್ಹತೆ ಇದ್ದರೆ ಅದು ಯಾವ ರಾಜ್ಯದ ರಿಜಿಸ್ಟರ್‌ಗೆ ಸೇರಲೂ ಸಾಕು ಅಂತ 11ನೇ ಸೆಕ್ಷನ್‌ನಲ್ಲಿ ಸ್ಪಷ್ಟವಾಗಿ ಬರೆದಿದೆ. ಅಂದರೆ ಸ್ವಾತಂತ್ರ್ಯ ಬಂದ ವರ್ಷದಲ್ಲೇ ಈ ವಿಚಾರ ಮಾಡಿದ್ದರು. ಸಂವಿಧಾನದಲ್ಲಿ ಆಸ್ಪತ್ರೆ, ಸಾರ್ವಜನಿಕ ಆರೋಗ್ಯ ರಾಜ್ಯ ಪಟ್ಟಿಯಲ್ಲಿದೆ ನಿಜ, ಆದರೆ ಕಾನೂನು, ವೈದ್ಯಕೀಯ ಮತ್ತಿತರ ವೃತ್ತಿಗಳು ಸಮವರ್ತಿ ಪಟ್ಟಿಯ 26ನೇ ನಮೂದು. ಕೇಂದ್ರವೂ ಮಾಡಬಹುದು, ರಾಜ್ಯವೂ ಮಾಡಬಹುದು. ಇಬ್ಬರೂ ಮಾಡಬಹುದು ಅನ್ನುವ ಕೆಲಸ ಯಾರ ಕೈಯಲ್ಲೂ ಪೂರ್ತಿ ಆಗದೆ ಉಳಿದಿದೆ.

ಸಿಲಬಸ್ ಬೇರೆ ಬೇರೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಿಎಸ್ಸಿ ನರ್ಸಿಂಗ್ ಸಿಲಬಸ್ ಇಡೀ ದೇಶಕ್ಕೆ ಭಾರತೀಯ ನರ್ಸಿಂಗ್ ಕೌನ್ಸಿಲ್ (ಐಎನ್‌ಸಿ) ಮಾಡುವುದು, 2021ರಲ್ಲಿ ಸೆಮಿಸ್ಟರ್ ಪದ್ಧತಿಗೆ ಬದಲಾಯಿಸಿದ್ದೂ ಅವರೇ. ಕಲಬುರಗಿಯಲ್ಲಿ ಓದಿದವಳೂ ಸೋಲಾಪುರದಲ್ಲಿ ಓದಿದವಳೂ ಒಂದೇ ಪಾಠ ಓದಿರುತ್ತಾರೆ. ಇನ್ನೂ ಒಂದು ಮಾತು. ಏಮ್ಸ್ ಆಸ್ಪತ್ರೆಗಳು ನರ್ಸಿಂಗ್ ಆಫೀಸರ್‌ಗಳನ್ನು ತೆಗೆದುಕೊಳ್ಳಲು ನಾರ್ಸೆಟ್ ಅಂತ ಪರೀಕ್ಷೆ ಮಾಡುತ್ತವೆ. ಅದಕ್ಕೆ ಯಾವ ರಾಜ್ಯದ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಆಗಿದ್ದರೂ ಅರ್ಜಿ ಹಾಕಬಹುದು. ಕರ್ನಾಟಕದ ರಿಜಿಸ್ಟ್ರೇಷನ್ ನಂಬಿ ಏಮ್ಸ್‌ನವರು ಪರೀಕ್ಷೆಗೆ ಕೂರಿಸುತ್ತಾರೆ. ಅದೇ ಹುಡುಗಿ ಗಡಿಯಾಚೆಯ 30 ಹಾಸಿಗೆಯ ನರ್ಸಿಂಗ್ ಹೋಮ್‌ಗೆ ಹೋದರೆ ನಿನ್ನ ರಿಜಿಸ್ಟ್ರೇಷನ್ ಇಲ್ಲಿ ನಡೆಯಲ್ಲ ಅನ್ನುತ್ತಾರೆ. ಇದಕ್ಕೆ ಏನು ಅರ್ಥ ಇದೆ ಹೇಳಿ.

ವಿರೋಧ ಮಾಡುವವರ ಮಾತಿನಲ್ಲೂ ಹುರುಳಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ದೊಡ್ಡ ಭಯ ಅಂದರೆ ನಕಲಿ ಸರ್ಟಿಫಿಕೇಟು, ಹೆಸರಿಗಷ್ಟೇ ಇರುವ ಕಾಲೇಜು. ಈ ವಿಷಯದಲ್ಲಿ ಕರ್ನಾಟಕದವರಾದ ನಾವು ಸ್ವಲ್ಪ ಜಾಸ್ತಿ ಪ್ರಾಮಾಣಿಕವಾಗಿ ಮಾತಾಡಬೇಕು. ನರ್ಸಿಂಗ್ ಕಾಲೇಜು ಬಹಳ ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಕೇರಳ, ಮಣಿಪುರ, ಬಂಗಾಳದ ಮಕ್ಕಳೂ ಇಲ್ಲಿಗೆ ಬಂದು ಓದುತ್ತಾರೆ. ಒಳ್ಳೆಯ ಕಾಲೇಜುಗಳಿವೆ. ಜೊತೆಗೆ ಕ್ಲಿನಿಕಲ್ ಪೋಸ್ಟಿಂಗ್‌ಗೆ ಸರಿಯಾದ ಆಸ್ಪತ್ರೆಯೇ ಇಲ್ಲದ, ಮಕ್ಕಳು ಪರೀಕ್ಷೆಗೆ ಮಾತ್ರ ಮುಖ ತೋರಿಸುವ ಕಾಲೇಜುಗಳೂ ಇವೆ, ಅಲ್ಲಿಂದ ಬಂದವರಿಗೆ ಐವಿ ಹಾಕುವುದನ್ನು ಮೊದಲಿನಿಂದ ಕಲಿಸಬೇಕಾಗುತ್ತದೆ. 2017ರ ಸುಮಾರಿಗೆ ನಮ್ಮ ಕಾಲೇಜುಗಳಿಗೆ ಐಎನ್‌ಸಿ ಮಾನ್ಯತೆ ಬೇಕೋ ಬೇಡವೋ ಅನ್ನುವುದೇ ದೊಡ್ಡ ಜಗಳವಾಗಿ ಹೈಕೋರ್ಟಿಗೆ ಹೋಯಿತು. ಆಗ ಓದುತ್ತಿದ್ದ ಮಕ್ಕಳ, ಅದರಲ್ಲೂ ಕೇರಳದ ಮಕ್ಕಳ ಪಾಡು ಕೇಳಬೇಡಿ. ಇಲ್ಲಿ ಓದಿ ಊರಿಗೆ ಹೋದರೆ ಅಲ್ಲಿ ರಿಜಿಸ್ಟ್ರೇಷನ್ ಸಿಗುತ್ತೋ ಇಲ್ಲವೋ ಅಂತ ಅಪ್ಪ ಅಮ್ಮಂದಿರು ಕಾಲೇಜಿನ ಬಾಗಿಲಿಗೆ ಬಂದರು. ಸರ್ಕಾರಗಳ ಜಗಳ, ಅನುಭವಿಸಿದ್ದು ಸಾಲ ಮಾಡಿ ಓದುತ್ತಿದ್ದ ಮಕ್ಕಳು.

ಹಾಗಾಗಿ ಪರಿಶೀಲನೆ ಬೇಡ ಅಂತ ನಾನು ಖಂಡಿತ ಹೇಳುತ್ತಿಲ್ಲ. ವಾರ್ಡಿನಲ್ಲಿ ನನ್ನ ಕೆಳಗೆ ಕೆಲಸ ಮಾಡುವವಳು ನಿಜವಾದ ನರ್ಸ್ ಆಗಿರಬೇಕು ಅಂತ ನನಗಿಂತ ಜಾಸ್ತಿ ಯಾರಿಗೆ ಆಸೆ ಇರುತ್ತದೆ? ನನ್ನ ಪ್ರಶ್ನೆ ಬೇರೆ. ಆ ಪರಿಶೀಲನೆ ಮಾಡಬೇಕಾದವರು ಯಾರು? ಎರಡು ಕೌನ್ಸಿಲ್‌ಗಳು. ಇಬ್ಬರ ಹತ್ತಿರವೂ ಕಂಪ್ಯೂಟರ್ ಇದೆ. ನರ್ಸ್‌ಗಳಿಗೆಲ್ಲ ಒಂದು ನಂಬರ್ ಕೊಡಬೇಕು ಅಂತ ಐಎನ್‌ಸಿ ಒಂದು ಟ್ರ್ಯಾಕಿಂಗ್ ಸಿಸ್ಟಮ್ ಮಾಡಿದೆ, ಎನ್‌ಆರ್‌ಟಿಎಸ್ ಅಂತ. ಆಧಾರ್ ಜೋಡಿಸಿ, ಬೆರಳು ಒತ್ತಿ, ನಾವೆಲ್ಲ ಎನ್‌ಯುಐಡಿ ಅನ್ನುವ ಆ ನಂಬರ್ ಮಾಡಿಸಿಕೊಂಡಿದ್ದೇವೆ. ದೇಶಕ್ಕೆಲ್ಲ ಒಂದೇ ನಂಬರ್ ಇದ್ದ ಮೇಲೆ ಆ ನಂಬರ್ ಹೊಡೆದರೆ ಅವಳ ಫೋಟೋ, ಕಾಲೇಜು, ರಿಜಿಸ್ಟ್ರೇಷನ್ ಯಾವಾಗಿನದು, ಅವಳ ಮೇಲೆ ಕ್ರಮ ಆಗಿದೆಯೋ ಇಲ್ಲವೋ, ಎಲ್ಲ ಬರಬೇಕು ಅಲ್ವಾ? ಹಾಗಿದ್ದೂ ಅವಳೇ ಪೋಸ್ಟ್‌ಮ್ಯಾನ್ ಥರ ಒಂದು ಕಚೇರಿಯ ಕಾಗದ ಇನ್ನೊಂದು ಕಚೇರಿಗೆ ಏಕೆ ಹೊರಬೇಕು?

ಇನ್ನೊಂದು ವಿಷಯ ಜನ ಗಮನಿಸುವುದಿಲ್ಲ. ಈಗಿನ ಪದ್ಧತಿಯಿಂದ ಕೆಟ್ಟವರು ಸಿಕ್ಕಿಬೀಳುತ್ತಾರೆ ಅನ್ನುವುದೂ ಸುಳ್ಳು. ಒಂದು ರಾಜ್ಯದಲ್ಲಿ ಹೆಸರು ತೆಗೆದುಹಾಕಿದ್ದು ಇನ್ನೊಂದು ರಾಜ್ಯಕ್ಕೆ ತಕ್ಷಣ ಕಾಣದಿದ್ದರೆ ಕಳ್ಳರಿಗೇ ಅನುಕೂಲ. ಅಮೆರಿಕದಲ್ಲಿ ಇದೇ ಸಮಸ್ಯೆ ಇತ್ತು, ಅಲ್ಲೂ ನರ್ಸ್ ಲೈಸೆನ್ಸ್ ಕೊಡುವುದು ರಾಜ್ಯಗಳೇ. 2000ನೇ ಇಸವಿಯಲ್ಲಿ ಕೆಲವು ರಾಜ್ಯಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಈಗ 40ಕ್ಕೂ ಹೆಚ್ಚು ರಾಜ್ಯ, ಪ್ರದೇಶಗಳು ಅದರಲ್ಲಿವೆ. ಟೆಕ್ಸಾಸ್‌ನಲ್ಲಿ ಮನೆ ಇರುವ ನರ್ಸ್ ಅದೇ ಲೈಸೆನ್ಸ್ ಮೇಲೆ ಅರಿಜೋನಾದಲ್ಲಿ ಡ್ಯೂಟಿ ಮಾಡಬಹುದು. ಜೊತೆಗೆ ನರ್ಸಿಸ್ ಅನ್ನುವ ಒಂದು ಡೇಟಾಬೇಸ್ ಇಟ್ಟಿದ್ದಾರೆ, ಯಾವ ರಾಜ್ಯದಲ್ಲಿ ಕ್ರಮ ಆದರೂ ಉಳಿದವರಿಗೆ ಗೊತ್ತಾಗುತ್ತದೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಇನ್ನೂ ಸೇರಿಲ್ಲ, ಹಾಗಾಗಿ ಅಲ್ಲಿ ಎಲ್ಲ ಸರಿ ಇದೆ ಅಂತಲ್ಲ. ನಮ್ಮ ಕನ್ನಡದ ಹುಡುಗಿಯರು ಎಷ್ಟೋ ಜನ ಇಲ್ಲಿಂದ ಹೋಗಿ ಎನ್‌ಕ್ಲೆಕ್ಸ್ ಅನ್ನುವ ಅಲ್ಲಿನ ನರ್ಸ್ ಲೈಸೆನ್ಸ್ ಪರೀಕ್ಷೆ ಪಾಸು ಮಾಡಿ ಆ ದೇಶದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಹೋಗಿ ಕೆಲಸ ಮಾಡುತ್ತಿದ್ದಾರೆ. ಬೆಳಗಾವಿಯಿಂದ ಕೊಲ್ಹಾಪುರಕ್ಕೆ ಮಾತ್ರ ಆಗಲ್ಲ.

ಭಾಷೆಯ ಮಾತೂ ಬರುತ್ತದೆ. ಪೇಶೆಂಟ್ ಜೊತೆ ಮಾತಾಡಲು ಬರದ ನರ್ಸ್ ಏನು ಪ್ರಯೋಜನ ಅಂತ. ಸರಿಯಾದ ಮಾತು. ಎದೆ ಒತ್ತಿದ ಹಾಗೆ ಆಗ್ತದೆ ಅನ್ನುವುದಕ್ಕೂ ಉರೀತದೆ ಅನ್ನುವುದಕ್ಕೂ ವ್ಯತ್ಯಾಸ ಗೊತ್ತಾಗದಿದ್ದರೆ ಜೀವಕ್ಕೇ ಅಪಾಯ. ಹೊರಗಿನಿಂದ ಬಂದವರು ಕನ್ನಡ ಕಲಿಯಲೇಬೇಕು, ಆಸ್ಪತ್ರೆಯವರು ಡ್ಯೂಟಿ ಟೈಮಿನಲ್ಲೇ ಕಲಿಸಬೇಕು ಅನ್ನುವವಳು ನಾನು. ಆದರೆ ಈಗಿನ ಮರು-ರಿಜಿಸ್ಟ್ರೇಷನ್‌ನಲ್ಲಿ ನೋಡುವುದು ಕಾಗದ. ಪೇಶೆಂಟ್ ಜೊತೆ ಆಕೆ ಹೇಗೆ ಮಾತಾಡುತ್ತಾಳೆ ಅನ್ನುವುದು ವಾರ್ಡಿಗೆ ಬಂದ ಮೇಲೇ ಗೊತ್ತಾಗುವುದು. ಅದನ್ನು ಇದಕ್ಕೆ ಗಂಟು ಹಾಕಬೇಡಿ.

ಹೊರಗಿನವರು ಬಂದು ಇಲ್ಲಿನವರ ಕೆಲಸ ಕಸಿಯುತ್ತಾರೆ ಅನ್ನುವವರಿಗೆ ಒಂದೇ ಉತ್ತರ. ನಮ್ಮ ಸಂಬಳ ಇಳಿಸುತ್ತಿರುವುದು ಹೊರಗಿನ ನರ್ಸ್ ಅಲ್ಲ, ಕಾಗದ ಇಲ್ಲದ ನರ್ಸನ್ನು ಅರ್ಧ ಸಂಬಳಕ್ಕೆ ದುಡಿಸಿಕೊಳ್ಳಲು ಮಾಲೀಕರಿಗೆ ಸಿಕ್ಕಿರುವ ಅವಕಾಶ. ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2016ರಲ್ಲಿ ಕೇಂದ್ರದ ಸಮಿತಿಯೊಂದು ಖಾಸಗಿ ಆಸ್ಪತ್ರೆ ಎಷ್ಟೇ ಸಣ್ಣದಿರಲಿ ನರ್ಸ್‌ಗೆ ತಿಂಗಳಿಗೆ ₹20,000ಕ್ಕಿಂತ ಕಡಿಮೆ ಕೊಡಬಾರದು ಅಂದಿತು. ಅಸಿಸ್ಟೆಂಟ್ ಅಂತ ಬರೆದುಕೊಂಡರೆ ಆ ಮಾತೂ ಅನ್ವಯಿಸುವುದಿಲ್ಲ ನೋಡಿ. ಅವಳಿಗೆ ಮೊದಲ ದಿನವೇ ಪೂರ್ತಿ ನರ್ಸ್ ಅಂತ ಕೆಲಸ ಸಿಕ್ಕರೆ ಸ್ಥಳೀಯ ನರ್ಸ್‌ಗೂ ಬೆಲೆ ಉಳಿಯುತ್ತದೆ.

ಕೋವಿಡ್ ಟೈಮಿನಲ್ಲಿ ಇದೆಲ್ಲ ಕಣ್ಣಿಗೆ ಕಂಡಿತ್ತು. 2020ರಲ್ಲಿ ಕೇರಳ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಕಾಸರಗೋಡಿನ ಪೇಶೆಂಟ್‌ಗಳ ಜೊತೆ ಮಂಗಳೂರಿನ ಆಸ್ಪತ್ರೆಗಳಿಗೆ ದಿನಾ ಬಂದು ಹೋಗುತ್ತಿದ್ದ ನರ್ಸ್‌ಗಳೂ ಸಿಕ್ಕಿಹಾಕಿಕೊಂಡರು. ಅದೇ ವರ್ಷದ ಮೇ ತಿಂಗಳಲ್ಲಿ ಕೋಲ್ಕತಾದ ಖಾಸಗಿ ಆಸ್ಪತ್ರೆಗಳಿಂದ ಮಣಿಪುರದ ನೂರಾರು ನರ್ಸ್‌ಗಳು ಕೆಲಸ ಬಿಟ್ಟು ಊರಿಗೆ ಹೊರಟರು. ನಮ್ಮ ಆಸ್ಪತ್ರೆಗಳು ಎಷ್ಟು ದೂರದ ಹುಡುಗಿಯರ ಮೇಲೆ ನಿಂತಿವೆ ಅಂತ ಆಗ ದೇಶಕ್ಕೇ ಗೊತ್ತಾಯಿತು. ಚಪ್ಪಾಳೆ ತಟ್ಟಿದರು, ಹೂವು ಹಾಕಿದರು. ರಿಜಿಸ್ಟ್ರೇಷನ್ ವಿಷಯ ಅಲ್ಲೇ ಉಳಿಯಿತು.

2023ರಲ್ಲಿ ಪಾರ್ಲಿಮೆಂಟ್ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಪಾಸು ಮಾಡಿದೆ. 1947ರ ಕಾಯ್ದೆಯ ಜಾಗಕ್ಕೆ ಅದು ಬರಬೇಕು. ರಾಷ್ಟ್ರಮಟ್ಟದಲ್ಲಿ ಒಂದು ರಿಜಿಸ್ಟರ್, ಪ್ರತಿ ರಾಜ್ಯಕ್ಕೂ ಒಂದು ಆಯೋಗ ಅಂತ ಅದರಲ್ಲಿದೆ. ರಾಜ್ಯದ ನಿಯಮ ಬರೆಯುವಾಗಲೇ ಈ ವಿಷಯ ಸರಿಮಾಡಲು ಒಳ್ಳೆಯ ಅವಕಾಶ. ನಾನು ಕೇಳುವುದು ದೊಡ್ಡದೇನಲ್ಲ. ಬೇರೆ ರಾಜ್ಯದಲ್ಲಿ ಚಾಲ್ತಿಯಲ್ಲಿರುವ ರಿಜಿಸ್ಟ್ರೇಷನ್ ಇರುವ ನರ್ಸ್ ಕರ್ನಾಟಕಕ್ಕೆ ಬಂದು ಅರ್ಜಿ ಹಾಕಿದ ದಿನದಿಂದಲೇ ಹಳೆಯ ರಿಜಿಸ್ಟ್ರೇಷನ್ ಮೇಲೆ ಆರು ತಿಂಗಳು ಪೂರ್ತಿ ನರ್ಸ್ ಆಗಿ ಕೆಲಸ ಮಾಡಲು ಬಿಡಿ. ಆ ಆರು ತಿಂಗಳೊಳಗೆ ಕೌನ್ಸಿಲ್‌ನವರೇ ಅವಳ ಹಳೆಯ ಕೌನ್ಸಿಲ್ ಜೊತೆ ಮಾತಾಡಿ ಪರಿಶೀಲನೆ ಮುಗಿಸಲಿ. ತಕರಾರು ಇದ್ದರೆ ನಿಲ್ಲಿಸಲಿ, ಇಲ್ಲದಿದ್ದರೆ ತಾನಾಗೇ ಖಾಯಂ ಆಗಲಿ. ಮದುವೆಯ ನಂತರದ ಹೆಸರಿಗೆ ಮದುವೆ ಸರ್ಟಿಫಿಕೇಟ್ ಒಂದೇ ಸಾಕು ಅನ್ನಲಿ. ಮೊದಲು ನಾವು ಹೀಗೆ ಮಾಡಿದರೆ ಮಹಾರಾಷ್ಟ್ರ, ಗೋವಾ, ಕೇರಳ, ತೆಲಂಗಾಣದವರನ್ನು ನೀವೂ ನಮ್ಮವರಿಗೆ ಹಾಗೇ ಮಾಡಿ ಅಂತ ಕೇಳಲು ನಮಗೆ ಮುಖ ಇರುತ್ತದೆ.

ಅಲ್ಲಿಯವರೆಗೆ ಬೇರೆ ರಾಜ್ಯಕ್ಕೆ ಹೊರಟಿರುವ ತಂಗಿಯರಿಗೆ ನನ್ನ ಕಿವಿಮಾತು: ರಾಜೀನಾಮೆ ಕೊಡುವ ಮೊದಲೇ ಎನ್‌ಒಸಿಗೆ ಅರ್ಜಿ ಹಾಕಿ, ರಿನ್ಯೂವಲ್ ಬಾಕಿ ಇದ್ದರೆ ಇಲ್ಲೇ ಮುಗಿಸಿಕೊಂಡು ಹೋಗಿ, ಮದುವೆ ನೋಂದಣಿ ತಡ ಮಾಡಬೇಡಿ, ಅಸಿಸ್ಟೆಂಟ್ ಅಂತ ಹೆಸರು ಬರೆದುಕೊಂಡು ಐಸಿಯುನಲ್ಲಿ ಒಬ್ಬರನ್ನೇ ಬಿಟ್ಟರೆ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ.

ಚಳಿಗಾಲದ ಅಧಿವೇಶನಕ್ಕೆ ಶಾಸಕರು ನಮ್ಮ ಸುವರ್ಣ ವಿಧಾನಸೌಧಕ್ಕೆ ಬಂದಾಗ ಗಡಿ ಭಾಗದ ಯಾರಾದರೂ ಒಬ್ಬರು ಆರೋಗ್ಯ ಸಚಿವರನ್ನು ಕೇಳಲಿ: ಬೇರೆ ರಾಜ್ಯದಿಂದ ಬಂದ ನರ್ಸ್‌ಗಳ ಅರ್ಜಿ ಇವತ್ತಿಗೆ ಎಷ್ಟು ಬಾಕಿ ಇವೆ, ಅದರಲ್ಲಿ ಎಲ್ಲಕ್ಕಿಂತ ಹಳೆಯದು ಯಾವ ತಿಂಗಳದ್ದು, ಇಲ್ಲಿಂದ ಹೋದವರ ವೆರಿಫಿಕೇಷನ್ ಪತ್ರ ಕಳಿಸಲು ಎಷ್ಟು ದಿನ ಹಿಡಿಯುತ್ತಿದೆ. ಉತ್ತರ ಬಂದರೆ ದಯವಿಟ್ಟು ನಿಮ್ಮ ಪತ್ರಿಕೆಯ ಮೊದಲ ಪುಟದಲ್ಲೇ ಹಾಕಿ.

ಇಂತಿ,
ಒಬ್ಬ ವಾರ್ಡ್ ಸಿಸ್ಟರ್, ಬೆಳಗಾವಿ